ಮುಖ ಬೇಡ, ರಸ್ತೆ ಹಾಕಿ

ಕಳೆದ ನವೆಂಬರ್‌ನ ಎರಡನೇ ಭಾನುವಾರ ಬೆಳಗ್ಗೆ, ಸುಳ್ಯದಿಂದ ಆಲೆಟ್ಟಿ ಕಡೆಗೆ ಹೋಗುವ ರಸ್ತೆಯ ಒಂದು ಇಳಿಜಾರಿನಲ್ಲಿ ನಮ್ಮ ಸೈಕಲ್ ಗುಂಪಿನ ಸದಸ್ಯರೊಬ್ಬರು ಬಿದ್ದರು. ನೀರಿನ ಪೈಪಿಗೆಂದು ರಸ್ತೆಯ ಅಂಚನ್ನು ಅಗೆದು ಮುಚ್ಚಿದ್ದ ಕಡೆ ಜಲ್ಲಿ ಹರಡಿತ್ತು. ಮುಂದಿನ ಚಕ್ರ ಅದರ ಮೇಲೆ ಜಾರಿತು. ಬಲಗಡೆಯ ಕಾಲರ್ ಬೋನ್ ಮುರಿಯಿತು, ಹುಬ್ಬಿನ ಮೇಲೆ ಚರ್ಮ ಸೀಳಿತು, ಹೆಲ್ಮೆಟ್ ಎರಡು ಹೋಳಾಯಿತು. ಪ್ರಾಣಕ್ಕೆ ಅಪಾಯ ಇರಲಿಲ್ಲ. ಈ ಕೊನೆಯ ಮಾತು ಅವರ ಮನೆಗೆ ತಲುಪಿದ್ದು ಎಲ್ಲಕ್ಕಿಂತ ಕೊನೆಗೆ.

ನಾನು ಪುತ್ತೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಈ ಗುಂಪಿಗೆ ಇಬ್ಬರು ಅಡ್ಮಿನ್. ಒಬ್ಬ ನಾನು, ಇನ್ನೊಬ್ಬರು ಕಡಬ ತಾಲೂಕಿನ ಒಬ್ಬ ಪಶುವೈದ್ಯರು. ಪುತ್ತೂರು, ಸುಳ್ಯ, ಕಡಬದ ಸೈಕಲಿನವರೆಲ್ಲ ಇರುವ ಮೊಬೈಲ್ ಗುಂಪು ಅದು. ಶುಭೋದಯ ಬೇಡ, ರಾಜಕೀಯ ಬೇಡ, ಸೈಕಲ್ ಮಾರಾಟ ತಿಂಗಳಿಗೊಮ್ಮೆ ಮಾತ್ರ ಎಂಬಷ್ಟು ನಿಯಮ ಮೊದಲಿನಿಂದ ಇತ್ತು. ಸವಾರಿಯ ಹಿಂದಿನ ದಿನ ಹೊರಡುವ ಜಾಗ, ದಾರಿ ಮತ್ತು 'ಬಾಲ' ಯಾರು ಎಂದು ಹಾಕಬೇಕು. ಬಾಲ ಎಂದರೆ ಎಲ್ಲರಿಗಿಂತ ಹಿಂದೆ ಬರುವವರು. ಅವರು ಯಾರನ್ನೂ ದಾಟಿ ಮುಂದೆ ಹೋಗುವ ಹಾಗಿಲ್ಲ.

ನಮ್ಮಲ್ಲಿ ಹೆಚ್ಚಾಗಿ ಬಾಲ ಆಗುತ್ತಿದ್ದವರು ರಾಮಕುಂಜದ ಒಬ್ಬ ಹೆಂಗಸು. ಶಾಖಾ ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು, ಕೆಲಸದ ಕಾಲದಲ್ಲೂ ಸೈಕಲಿನಲ್ಲೇ ಪತ್ರ ಹಂಚಿದವರು. ಗುಂಪಿನಲ್ಲಿ ಎಲ್ಲರಿಗೂ ಅವರು ಅಂಚೆ ಅಕ್ಕ. ಅವರ ಇನ್ನೊಂದು ಕೆಲಸ ಫೋಟೋ. ನಮ್ಮ ಗುಂಪಿನಿಂದ ಗಲ್ಫಿಗೆ ಹೋದವರು ಗುಂಪು ಬಿಟ್ಟು ಹೋಗುವುದಿಲ್ಲ. ಭಾನುವಾರ ಊರಿನ ರಸ್ತೆ ನೋಡುವುದಕ್ಕೆ ಕಾಯುತ್ತಾರೆ. ಕುಂಬ್ರದ ತಿರುವು ಅಗಲ ಮಾಡಿದ್ರಾ, ನೆಲ್ಯಾಡಿಯ ಹೋಟೆಲು ಇನ್ನೂ ಉಂಟಾ ಎಂದು ಕೇಳುತ್ತಾರೆ. ಅಂಚೆ ಅಕ್ಕ ನಿಂತು ಫೋಟೋ ತೆಗೆದು ಹಾಕುತ್ತಿದ್ದರು. ಅವರ ಸೈಕಲಿನ ಹ್ಯಾಂಡಲ್ ಬಾರ್ ಒಂದು ಮೂಲೆಯಲ್ಲಿ ಕಾಣುವಂತೆ, ಮುಂದೆ ಬರೀ ರಸ್ತೆ. ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದವನು ಶಾರ್ಜಾದಲ್ಲಿ ಕೆಲಸ ಮಾಡುವ ಒಬ್ಬ ಯುವಕ. ಆ ದಿನ ಬಿದ್ದವರು ಇವನ ಅಕ್ಕನ ಗಂಡ. ಪುತ್ತೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ, ಕರಾವಳಿಯ ಮುಸ್ಲಿಮರಾದ ಬ್ಯಾರಿ ಮನೆಯವರು.

ಆ ಭಾನುವಾರ ನನಗೆ ಕಚೇರಿಯಲ್ಲಿ ಕೆಲಸವಿತ್ತು. ಮೇಜಿನ ಮೇಲೆ ಫೋನು ನಡುಗಿತು. ನೋಡಿದರೆ ಅಂಚೆ ಅಕ್ಕ ಹಾಕಿದ ಫೋಟೋ. ಟೈಲ್ಸ್ ಅಂಗಡಿಯವರು ಮಣ್ಣಿನ ದಿಬ್ಬಕ್ಕೆ ಒರಗಿದ್ದಾರೆ, ಕಣ್ಣು ಮುಚ್ಚಿದೆ, ಅರ್ಧ ಮುಖ ರಕ್ತ. ಕೆಳಗೆ ಒಂದು ಸಾಲು: 'ಆಲೆಟ್ಟಿ ಇಳಿಜಾರಿನಲ್ಲಿ ಬಿದ್ದರು, ಬೇಗ ವಾಹನ ಬೇಕು.' ಅದರ ನಂತರ ಏನೂ ಇಲ್ಲ. ಫೋನ್ ಮಾಡಿದರೆ ಸಿಗುವುದಿಲ್ಲ.

ಸುದ್ದಿಮನೆಯಲ್ಲಿ ನಾವು ಹೆದರುವುದು ಮೊದಲ ಸುದ್ದಿಗಲ್ಲ, ಎರಡನೆಯದು ಬಾರದೆ ಇರುವುದಕ್ಕೆ. ಆ ಖಾಲಿಯನ್ನು ಜನ ತುಂಬುತ್ತಾರೆ. ಗುಂಪಿನಲ್ಲೂ ಹಾಗೇ ಆಯಿತು. ಸೀರಿಯಸ್ಸಾ ಎಂದರು ಕೆಲವರು. ಹೆಚ್ಚಿನವರಿಗೆ ಏನು ಬರೆಯಬೇಕೆಂದು ತಿಳಿಯದೆ ಕೈ ಮುಗಿಯುವ ಚಿಹ್ನೆ ಹಾಕಿದರು. ಒಂದರ ಕೆಳಗೆ ಒಂದು, ಪರದೆ ತುಂಬ ಮುಗಿದ ಕೈಗಳು. ಸ್ವಲ್ಪ ಹೊತ್ತಿನಲ್ಲಿ ಗುಂಪು ಮುಚ್ಚಿತು. ಇನ್ನು ಅಡ್ಮಿನ್‌ಗಳು ಮಾತ್ರ ಬರೆಯಬಹುದು ಎಂಬ ಸೂಚನೆ ಬಂತು. ಸವಾರಿಯ ಮುಂದಿನ ಸಾಲಿನಲ್ಲಿದ್ದ ಪಶುವೈದ್ಯರು ಚಹಾ ಕುಡಿಯಲು ನಿಂತ ಜಾಗದಲ್ಲಿ ನೆಟ್‌ವರ್ಕ್ ಇತ್ತು. ಅವರು ಬೀಗ ಹಾಕಿ ಹಿಂದಕ್ಕೆ ಹೊರಟಿದ್ದರು. ನನಗೂ ಅದು ಸರಿ ಎಂದೇ ಕಂಡಿತು.

ನಾನು ಸುಳ್ಯದ ನಮ್ಮ ವರದಿಗಾರರಿಗೆ ಹೇಳಿ ಆಸ್ಪತ್ರೆಗೆ ಕಳಿಸಿದೆ. ಕೊನೆಗೂ ಅವರ ಫೋನು ಬಂತು. ಎಚ್ಚರವಿದ್ದಾರೆ, ಮಾತಾಡುತ್ತಿದ್ದಾರೆ, ತಲೆಗೆ ಒಳಪೆಟ್ಟಿಲ್ಲ ಎಂದರು. ಅದನ್ನು ಗುಂಪಿಗೆ ಹಾಕಿದೆ. ಅಷ್ಟರಲ್ಲಿ ಶಾರ್ಜಾದ ಆ ಯುವಕ ಫೋಟೋ ನೋಡಿ ಪುತ್ತೂರಿನ ಅಕ್ಕನ ಮನೆಗೆ ಫೋನ್ ಮಾಡಿ ಆಗಿತ್ತು. ಟೈಲ್ಸ್ ಅಂಗಡಿಯವರ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಟೀಚರ್. ಅವರು ತಮ್ಮನಿಂದ ಫೋಟೋ, ಅದರ ಕೆಳಗಿನ ಮುಗಿದ ಕೈಗಳು ಎಲ್ಲ ಇರುವ ಪರದೆಯ ಚಿತ್ರ ತರಿಸಿಕೊಂಡು ನೋಡಿ, ಪಕ್ಕದ ಮನೆಯವರ ಕಾರಿನಲ್ಲಿ ಸುಳ್ಯದ ದಾರಿಯಲ್ಲಿದ್ದರು. ನಡುವೆ ನೆಟ್‌ವರ್ಕ್ ಕಡಿದು, ಆ ದಾರಿ ಮುಗಿಯುವವರೆಗೂ ಅವರಿಗೆ ಬೇರೆ ಸುದ್ದಿ ಸಿಗಲಿಲ್ಲ.

ಸಂಜೆ ಪಶುವೈದ್ಯರು ಬೀಗ ತೆಗೆದರು. ತೆಗೆದ ಕೂಡಲೇ ಕಾಣಿಸಿದ್ದು ಒಂದು ಬೂದು ಬಣ್ಣದ ಸಾಲು. ಅಂಚೆ ಅಕ್ಕ ಗುಂಪು ಬಿಟ್ಟಿದ್ದರು.

ಮರುದಿನ ಗುಂಪಿನಲ್ಲಿ ಅವರಿಲ್ಲದೆ ಅವರ ವಿಚಾರಣೆ ನಡೆಯಿತು. ರಕ್ತ ಸುರಿಯುವಾಗ ಮನುಷ್ಯನನ್ನು ಹಿಡಿಯುದಾ, ಫೋಟೋ ತೆಗೆಯುದಾ ಎಂದು ಒಬ್ಬರು. ಹಾಕಿದ ಮೇಲೆ ಏನಾಯ್ತು ಅಂತ ಹೇಳುವ ಸೌಜನ್ಯವಾದರೂ ಬೇಡವಾ ಎಂದು ಇನ್ನೊಬ್ಬರು. ಹೋದದ್ದು ಒಳ್ಳೆಯದೇ ಆಯಿತು ಎಂಬ ಮಾತೂ ಬಂತು. ಅದನ್ನು ನಾನು ಅಳಿಸಿದೆ. ಗುಂಪಿನಲ್ಲಿ ಹೇಗೆ ಬರೆಯಬೇಕು ಎಂಬುದಕ್ಕೆ ಹೊಸ ನಿಯಮ ಬೇಕು ಎಂದಾಯಿತು. ಬರೆಯುವ ಕೆಲಸ ನನ್ನ ಮೇಲೆ ಬಂತು.

ಮೊದಲ ಕರಡನ್ನು ನಾನು ಎರಡು ದಿನದಲ್ಲಿ ಮಾಡಿದೆ. ಪತ್ರಿಕೆಯ ಶೈಲಿ ಕೈಪಿಡಿಯ ಹಾಗೆ ಉಪನಿಯಮಗಳೂ ಇದ್ದವು. ಮೊದಲನೆಯದು, ಅಪಘಾತದ ಚಿತ್ರ ಹಾಕಬಾರದು. ಪಶುವೈದ್ಯರಿಗೆ ಕಳಿಸಿದೆ. ಅವರು ಫೋನ್ ಮಾಡಿದರು.

"ಇದು ಗುಂಪಿನ ನಿಯಮವಾ, ದಂಡಸಂಹಿತೆಯಾ ಮಾರಾಯ್ರೆ? ಓದಿ ಮುಗಿಸುವಾಗ ಚೈನಿಗೆ ತುಕ್ಕು ಹಿಡೀತದೆ."

ಅರ್ಧಕ್ಕೆ ಇಳಿಸಿ ಗುಂಪಿಗೆ ಹಾಕಿದೆ. ಅಲ್ಲಿ ಇನ್ನೊಂದು ತಡೆ ಎದ್ದಿತು. ಆ ದಿನ ಬಿದ್ದವರನ್ನು ಆಸ್ಪತ್ರೆಗೆ ಸಾಗಿಸಿದವರು ಆಲೆಟ್ಟಿಯಲ್ಲಿ ಜೀಪು ಇಟ್ಟಿರುವ ಸದಸ್ಯರು. ಅವರು ಗುಂಪಿನಲ್ಲಿ ಮಾತಾಡುವುದೇ ಕಡಿಮೆ. ಮೊದಲ ನಿಯಮದ ಕೆಳಗೆ ಅವರು ಬರೆದರು. "ಫೋಟೋ ಇಲ್ಲದಿದ್ರೆ ನಾನು ಎಲ್ಲಿಗೆ ಬರುದು? ಆಲೆಟ್ಟಿಯಲ್ಲಿ ಇಳಿಜಾರು ಎಷ್ಟುಂಟು! ಅವರ ಹಿಂದೆ ಆ ಮೋರಿ ಕಂಡದ್ದಕ್ಕೆ ಜಾಗ ಗೊತ್ತಾಯ್ತು."

 ಅದೇ ಫೋಟೋ ಜೀಪನ್ನು ತಂದಿತ್ತು, ಅದೇ ಫೋಟೋ ಟೀಚರನ್ನು ಒಂದು ಗಂಟೆ ವಿಧವೆ ಮಾಡಿತ್ತು. ಕರಡನ್ನು ಹಿಂದಕ್ಕೆ ತೆಗೆದುಕೊಂಡೆ. ವರದಿ ತಪ್ಪಾದಾಗ ಕಚೇರಿಯಲ್ಲಿ ಏನು ಮಾಡುತ್ತೇವೋ ಅದನ್ನೇ ಮಾಡುವುದೆಂದು ತೀರ್ಮಾನಿಸಿದೆ. ಯಾರು ತಪ್ಪು ಎನ್ನುವ ಮೊದಲು, ಯಾವುದರ ನಂತರ ಯಾವುದು ನಡೆಯಿತು ಎಂದು ತಿಳಿಯಬೇಕು. ಅದನ್ನು ಅಲ್ಲಿದ್ದವರೇ ಹೇಳಬೇಕು.

ರಾಮಕುಂಜಕ್ಕೆ ಹೋದೆ. ಅಂಚೆ ಅಕ್ಕ ಅಂಗಳದಲ್ಲಿ ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ ಚೈನ್ ಒರೆಸುತ್ತಿದ್ದರು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. ಗುಂಪಿಗೆ ವಾಪಸು ಬನ್ನಿ ಅಂತ ಹೇಳಲಿಕ್ಕೆ ಬಂದದ್ದಾದರೆ ಬೇಡ ಎಂದು ಮೊದಲೇ ಹೇಳಿದರು. ಅಲ್ಲ, ನಡೆದದ್ದು ಕೇಳಲು ಬಂದೆ ಎಂದೆ. ಸೈಕಲು ಬಿಟ್ಟು ಕೈ ತೊಳೆದು ಬಂದು ಕೂತರು.

ಅವರು ಹೇಳಿದ ಕ್ರಮ ಹೀಗೆ. ತಿರುವು ದಾಟಿ ಬರುವಾಗ ಟೈಲ್ಸ್ ಅಂಗಡಿಯವರು ರಸ್ತೆಯ ಅಂಚಿನಲ್ಲಿ ಕೂತಿದ್ದರು. ಅಕ್ಕ ಮೊದಲು ಮಾಡಿದ್ದು ಹೆಗಲ ಮೇಲಿದ್ದ ಬೈರಾಸನ್ನು, ಆ ಹತ್ತಿಯ ಟವೆಲನ್ನು, ಮಡಚಿ ಗಾಯಕ್ಕೆ ಒತ್ತಿದ್ದು. ರಕ್ತ ಕಣ್ಣಿಗೆ ಇಳಿಯುತ್ತಿತ್ತು, ಅದಕ್ಕೆ ಕಣ್ಣು ಮುಚ್ಚಿಕೊಳ್ಳಿ ಎಂದವರೂ ಅವರೇ. ಮುಂದೆ ಹೋದವರಿಗೆ ಕೂಗಿದರು, ಯಾರಿಗೂ ಕೇಳಲಿಲ್ಲ. ಫೋನಿನಲ್ಲಿ ಒಂದು ಕಡ್ಡಿ ನೆಟ್‌ವರ್ಕ್ ಇತ್ತು. ಕರೆ ಹೋಗಲಿಲ್ಲ. ಜಾಗ ಬಾಯಲ್ಲಿ ಹೇಳುವುದಕ್ಕೂ ಅಲ್ಲಿ ಅಂಗಡಿ ಇಲ್ಲ, ಬೋರ್ಡಿಲ್ಲ. ಬೈರಾಸು ಹಿಡಿದುಕೊಳ್ಳಿ ಎಂದು ಅವರದೇ ಎಡಗೈಗೆ ಕೊಟ್ಟು, ಹಿಂದೆ ಸರಿದು, ಮೋರಿ ಕಾಣುವ ಹಾಗೆ ಒಂದು ಫೋಟೋ ತೆಗೆದರು. ಅವರ ಕೈ ಜಾರಿ ಬೈರಾಸು ಕೆಳಗೆ ಬಿತ್ತು, ಫೋಟೋದಲ್ಲಿ ಅದು ಬಂದಿಲ್ಲ. ಕಳಿಸಿ, ಫೋನು ಕಿಸೆಗೆ ಹಾಕಿ, ಮತ್ತೆ ಗಾಯ ಒತ್ತಿ ಕೂತರು. ಜೀಪು ಬರುವವರೆಗೂ ಕೈ ತೆಗೆಯಲಿಲ್ಲ.

"ಮತ್ತೆ ಆಸ್ಪತ್ರೆಯಿಂದ ಒಂದು ಸಾಲು ಹಾಕಲಿಲ್ಲವಲ್ಲ ಅಕ್ಕ," ಎಂದೆ. ಎಲ್ಲರೂ ಕೇಳುತ್ತಿದ್ದದ್ದು ಅದನ್ನೇ.

ಅವರು ಒಳಗಿಂದ ಫೋನು ತಂದು, ಅಂದು ಗುಂಪು ಬಿಡುವ ಮೊದಲು ಹಿಡಿದಿಟ್ಟ ಪರದೆಯ ಚಿತ್ರ ತೋರಿಸಿದರು. ಮುಗಿದ ಕೈಗಳ ಸಾಲಿನ ಕೆಳಗೆ, ನಾವು ಅಕ್ಷರ ಟೈಪ್ ಮಾಡುವ ಜಾಗದಲ್ಲಿ, ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು ಎಂದಿತ್ತು.

"ಎಕ್ಸ್-ರೇ ರೂಮಿನ ಹೊರಗೆ ನಿಂತು ಬರೀಲಿಕ್ಕೆ ತೆಗೆದೆ. ಇದು ಬಂತು. ಒಬ್ಬೊಬ್ಬರಿಗೇ ಬೇರೆ ಬೇರೆ ಕಳಿಸಬಹುದಿತ್ತು, ಅದೂ ಹೊಳೆಯಲಿಲ್ಲ," ಎಂದರು. ಫೋನನ್ನು ಮಗುಚಿ ಇಟ್ಟರು. "ಫೋಟೋ ಹಾಕಿದ್ದಕ್ಕೆ ನನ್ನ ಬಾಯಿ ಮುಚ್ಚಿಸಿದ್ರು ಅಂತ ಎಣಿಸಿದೆ. ಮತ್ತೆ ಅಲ್ಲಿ ಕೂರುದು ಯಾಕೆ?"

ಆ ಸಾಲು ತಮ್ಮ ಫೋನಿಗೆ ಮಾತ್ರ ಬಂದದ್ದು ಎಂದು ಅವರು ತಿಳಿದಿದ್ದರು. ಬೀಗ ಬಿದ್ದದ್ದು ಎಲ್ಲರಿಗೂ ಎಂದು ನಾವು ಹೇಳಿರಲಿಲ್ಲ. ನಾನು ಹೇಳಿದೆ. ಅವರು ತಲೆ ಆಡಿಸಿದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ.

ಅಲ್ಲಿಂದಲೇ ಪಶುವೈದ್ಯರಿಗೆ ಫೋನ್ ಮಾಡಿದೆ. ಸದಾ ಏನಾದರೊಂದು ತಮಾಷೆ ಹೇಳುವವರು ಅಕ್ಕನ ಮನೆಯ ದಾರಿ ಕೇಳಿದರು. ಮರುದಿನ ರಾಮಕುಂಜದ ಕಡೆ ಒಂದು ದನ ನೋಡಲು ಹೋದವರು ಅಕ್ಕನ ಮನೆಗೆ ಹೊಕ್ಕರು. ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ನನಗೆ ಹೇಳಿದರು. ಬೊಬ್ಬೆ ನಿಲ್ಲಲಿ ಅಂತ ಬೀಗ ಹಾಕಿದ್ದು, ನಿಮ್ಮ ಬಾಯಿಗಲ್ಲ ಎಂದು ಇವರು ಹೇಳಿದರಂತೆ. ಅಕ್ಕ ಮಜ್ಜಿಗೆ ಕೊಡುತ್ತಾ ಕೇಳಿದರಂತೆ, "ಯಾರ ಬಾಯಿ ಅಂತ ಬೀಗಕ್ಕೆ ಗೊತ್ತಾಗ್ತದಾ ಡಾಕ್ಟ್ರೇ?"

ಉಳಿದದ್ದು ಪುತ್ತೂರಿನ ಮನೆ. ಟೈಲ್ಸ್ ಅಂಗಡಿಯವರು ಬಲಗೈಯನ್ನು ಪಟ್ಟಿಯಲ್ಲಿ ತೂಗುಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಟೀಚರ್ ಸುಲೈಮಾನಿ ಚಹಾ ತಂದು ಕೊಟ್ಟು ಎದುರು ಕೂತರು. ಮಾತಿಗೆ ಪೀಠಿಕೆ ಹಾಕುವವರಲ್ಲ.

"ಆ ಮುಗಿದ ಕೈಗಳನ್ನು ನೋಡಿ ನಾನು ಮುಗಿಯಿತು ಅಂತ ತಿಳಿದೆ ಸರ್. ಜಾಲ್ಸೂರು ದಾಟುವಾಗ ಮಕ್ಕಳಿಗೆ ಹೇಗೆ ಹೇಳುದು ಅಂತ ಯೋಚನೆ ಮಾಡ್ತಾ ಇದ್ದೆ. ಅದನ್ನು ನಿಮ್ಮ ನಿಯಮದಲ್ಲಿ ಎಲ್ಲಿ ಬರೀತೀರಿ?"

ಬರೆಯುವುದು ಹೇಗೆಂದು ಕೇಳುವುದಕ್ಕೇ ಬಂದೆ ಎಂದೆ. ರಾಮಕುಂಜದಲ್ಲಿ ಕೇಳಿದ್ದನ್ನು ಕ್ರಮವಾಗಿ ಹೇಳಿದೆ. ಬೈರಾಸಿನ ವಿಷಯ ಬಂದಾಗ ಟೀಚರ್ ಗಂಡನ ಮುಖ ನೋಡಿದರು. ರಕ್ತ ಹಿಡಿದಿದ್ದ ಒಂದು ಬೈರಾಸು ಆಸ್ಪತ್ರೆಯ ಬಟ್ಟೆಗಳ ಜೊತೆ ಮನೆಗೆ ಬಂದಿತ್ತು, ಅವರು ಅದನ್ನು ಜೀಪಿನವರದ್ದು ಎಂದುಕೊಂಡಿದ್ದರು. ಫೋಟೋ ತೆಗೆದವರೂ ಗಾಯ ಒತ್ತಿ ಹಿಡಿದವರೂ ಒಬ್ಬರೇ ಎಂದು ಅವರಿಗೆ ತಿಳಿದಿರಲಿಲ್ಲ.

"ನೀವು ಹೇಳಲೇ ಇಲ್ಲ," ಎಂದರು ಗಂಡನಿಗೆ.

"ನಾನು ಕಣ್ಣು ಮುಚ್ಚಿದ್ದೆ ಮಾರಾಯ್ತಿ," ಎಂದರು ಅವರು. "ದನಿ ಮಾತ್ರ ಕೇಳ್ತಾ ಇತ್ತು. ಇಡೀ ಹೊತ್ತು ಬಾಯಿ ಮುಚ್ಚಲಿಲ್ಲ. ರಾಮಕುಂಜದಲ್ಲಿ ಯಾವ ಮನೆಗೆ ಯಾವ ನಾಯಿ, ಯಾವುದು ಪೋಸ್ಟ್ ತಂದವರನ್ನು ಕಚ್ಚುದು ಅಂತ. ನಾನು ನಿದ್ದೆ ಹೋಗಬಾರದು ಅಂತ ಹೇಳ್ತಾ ಇದ್ದದ್ದು ಅಂತ ಮತ್ತೆ ಗೊತ್ತಾಯ್ತು."

ಟೀಚರ್ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕರಡನ್ನು ಕೇಳಿ ತೆಗೆದುಕೊಂಡು, ಉತ್ತರ ಪತ್ರಿಕೆ ತಿದ್ದುವ ಹಾಗೆ ಓದಿದರು. ಅಪಘಾತದ ಚಿತ್ರ ಹಾಕಬಾರದು ಎಂಬಲ್ಲಿ ನಿಂತರು.

"ಇದನ್ನು ತೆಗೀರಿ. ಫೋಟೋ ಕಂಡೇ ಅಲ್ವಾ ಜೀಪು ಬಂದದ್ದು. ಮುಖ ಬೇಡ, ರಸ್ತೆ ಹಾಕಲಿ. ಅದಕ್ಕಿಂತ ಮೊದಲು ಒಂದು ಮಾತು ಬರೀಲಿ, ಮಾತಾಡ್ತಾರೆ ಅಂತ. ಮಾತಾಡದಿದ್ರೆ ಉಸಿರುಂಟು ಅಂತ. ಜಾಗ ಅದರ ನಂತರ."

ಕೆಳಗೆ ಇನ್ನೊಂದು ನಿಯಮವಿತ್ತು. ಗುಂಪಿನಲ್ಲಿ ಅಪಘಾತದ ಸುದ್ದಿ ಕಂಡ ಹೊರನಾಡಿನ ಸದಸ್ಯರು ಅಡ್ಮಿನ್ ಅನ್ನು ಕೇಳದೆ ಊರಿನ ಮನೆಗೆ ಫೋನ್ ಮಾಡಬಾರದು ಎಂದು ಬರೆದಿದ್ದೆ. ಅವರು ಅದಕ್ಕೂ ಗೆರೆ ಎಳೆದರು. ತಮ್ಮ ಅಷ್ಟು ದೂರದಲ್ಲಿ ಕೂತು ಅಂಥ ಫೋಟೋ ನೋಡಿ ಫೋನ್ ಮಾಡದೆ ಇರುತ್ತಾನಾ, ತಾನಾದರೂ ಮಾಡುತ್ತಿದ್ದೆ, ಯಾರೂ ಪಾಲಿಸದ ನಿಯಮ ಬರೆದರೆ ಉಳಿದವನ್ನೂ ಪಾಲಿಸುವುದಿಲ್ಲ ಎಂದರು. ಶಾಲೆಯಲ್ಲಿ ಅದು ದಿನವೂ ಕಾಣುವ ಸಂಗತಿಯಂತೆ.

ಹೊರಡುವಾಗ ಅಂಚೆ ಅಕ್ಕನ ನಂಬರ್ ಕೇಳಿದರು. ಕೇಳದೆ ಯಾರ ನಂಬರನ್ನೂ ಕೊಡುವುದಿಲ್ಲ ಎಂಬುದು ನನ್ನ ವೃತ್ತಿಯ ಅಭ್ಯಾಸ. ಅಕ್ಕನನ್ನು ಕೇಳಿದೆ. ಸದ್ಯ ಬೇಡ, ಅವರ ಎದುರು ನನಗೆ ಮಾತು ಬರುವುದಿಲ್ಲ ಎಂದರು. ಅದನ್ನೇ ಟೀಚರಿಗೆ ತಿಳಿಸಿದೆ.

ಬೀಗದ ಪ್ರಶ್ನೆ ಉಳಿದಿತ್ತು. ಗುಂಪು ಮುಚ್ಚುವುದು ಕೆಲವೊಮ್ಮೆ ಬೇಕೇ ಆಗುತ್ತದೆ. ಆದರೆ ಮುಚ್ಚಿದಾಗ ಸ್ಥಳದಲ್ಲಿ ಇರುವ ಮನುಷ್ಯನೇ ಹೊರಗೆ ಉಳಿಯುತ್ತಾನೆ. ನಾನೂ ಪಶುವೈದ್ಯರೂ ಇದನ್ನು ಹಲವು ಬಗೆಯಲ್ಲಿ ಬರೆದು ನೋಡಿದೆವು. ಬೀಗ ಹಾಕುವವರು ಮೊದಲು ಸ್ಥಳದಲ್ಲಿರುವವರಿಗೆ ಹೇಳಬೇಕು ಎಂದರೆ, ನೆಟ್‌ವರ್ಕ್ ಇಲ್ಲದ ಕಡೆ ಹೇಳುವುದು ಹೇಗೆ? ಬೀಗವನ್ನು ಇಂತಿಷ್ಟು ಹೊತ್ತಿನಲ್ಲಿ ತೆಗೆಯಬೇಕು ಎಂದರೆ, ಅಂದು ತೆಗೆಯಬೇಕಾದ ಪಶುವೈದ್ಯರೇ, ಜೀಪು ಹೋದ ಮೇಲೆ, ಖಾಲಿ ರಸ್ತೆಯಲ್ಲಿ ಬಿದ್ದವರ ಮತ್ತು ಅಕ್ಕನ ಸೈಕಲ್ ಕಾಯುತ್ತಾ ನಿಂತಿದ್ದರು, ಅಲ್ಲಿಯೂ ನೆಟ್‌ವರ್ಕ್ ಸರಿ ಇರಲಿಲ್ಲ. ಕೊನೆಗೆ ಪಶುವೈದ್ಯರು ಹೇಳಿದರು. "ಬಿದ್ದವರ ಹತ್ತಿರ ಮೊದಲು ಮುಟ್ಟುದು ಬಾಲ ಅಲ್ವಾ? ಹಾಗಾದ್ರೆ ಬೀಗದ ಕೈ ಬಾಲಕ್ಕೇ ಕೊಡುವ."

ಅದೇ ನಿರ್ಧಾರವಾಯಿತು. ಸವಾರಿಯ ಹಿಂದಿನ ಸಂಜೆ ಯಾರು ಬಾಲ ಎಂದು ಘೋಷಿಸುವಾಗಲೇ ಅವರನ್ನು ಅಡ್ಮಿನ್ ಮಾಡುವುದು, ಎಲ್ಲರೂ ಮನೆ ಮುಟ್ಟಿದ ಮೇಲೆ ತೆಗೆಯುವುದು. ಗುಂಪು ಮುಚ್ಚಿದರೂ ಅವರು ಬರೆಯಬಹುದು.

ಹೊಸ ನಿಯಮಗಳು ಫೋನಿನ ಒಂದು ಪರದೆಯಲ್ಲಿ ಹಿಡಿಸುವಷ್ಟಿವೆ. ಬಿದ್ದವರು ಮಾತಾಡುತ್ತಾರೋ ಇಲ್ಲವೋ, ಮೊದಲು ಅದು. ಆಮೇಲೆ ಜಾಗ. ಮುಖ ಬೇಡ, ರಸ್ತೆ ಹಾಕಿ. ಅಂಥ ಸುದ್ದಿಯ ಕೆಳಗೆ ಕೈ ಮುಗಿಯಬೇಡಿ. ವಾಹನವಿದ್ದರೆ ಬರೆಯಿರಿ, ಇಲ್ಲವಾದರೆ ಸುಮ್ಮನಿರಿ. ಗುಂಪು ಮುಚ್ಚಿದರೆ ಅದು ಎಲ್ಲರಿಗೂ ಮುಚ್ಚಿದ್ದು, ಒಬ್ಬರಿಗಲ್ಲ ಎಂದು ಅಲ್ಲಿಯೇ ಒಂದು ಸಾಲು ಹಾಕಬೇಕು. ಬಾಲದವರು ಆ ದಿನದ ಅಡ್ಮಿನ್. ಇದರ ಜೊತೆಗೆ, ಆ ಭಾನುವಾರ ನಡೆದದ್ದನ್ನು ಕ್ರಮವಾಗಿ ಒಂದು ಸಣ್ಣ ಪ್ಯಾರಾದಲ್ಲಿ ಬರೆದು ಹಾಕಿದೆ. ಬೀಗ ಯಾವಾಗ ಬಿತ್ತು, ಅಂಚೆ ಅಕ್ಕ ಆಸ್ಪತ್ರೆಯಲ್ಲಿ ಏನನ್ನು ಕಳಿಸಲು ಹೋದರು, ಯಾಕೆ ಹೋಗಲಿಲ್ಲ. ಅಭಿಪ್ರಾಯ ಸೇರಿಸಲಿಲ್ಲ. ಫೋಟೋ ತೆಗೆಯುದಾ ಎಂದು ಕೇಳಿದ್ದವರು ತಮ್ಮ ಮಾತನ್ನು ತಾವೇ ಅಳಿಸಿದರು.

ಅಕ್ಕನಿಗೆ ಗುಂಪಿನ ಲಿಂಕ್ ಕಳಿಸಿದೆ. ನೋಡಿದರು, ಒತ್ತಲಿಲ್ಲ. ಡಿಸೆಂಬರ್ ಪೂರ್ತಿ ಹಾಗೇ ಹೋಯಿತು. ಭಾನುವಾರದ ಸವಾರಿಗಳು ನಡೆದವು, ಬೇರೆಯವರು ಬಾಲ ಆದರು, ಫೋಟೋ ಹಾಕಲು ಎಲ್ಲರಿಗೂ ಹಿಂಜರಿಕೆ. ಶಾರ್ಜಾದ ತಮ್ಮ ಮಾತ್ರ ಒಮ್ಮೆ ಕೇಳಿದ. "ಅಂಚೆ ಅಕ್ಕ ಎಲ್ಲಿ? ತಿಂಗಳ ಮೇಲಾಯ್ತು ರಸ್ತೆ ನೋಡದೆ. ಅವರು ಹೋದದ್ದು ನಾನು ಫೋನ್ ಮಾಡಿದ್ದಕ್ಕಾ?"  ನಾನು ಅವನಿಗೆ ಬೇರೆಯಾಗಿ ಬರೆದೆ, ಅಲ್ಲ ಎಂದು.

ಜನವರಿಯಲ್ಲಿ ಟೀಚರ್ ನನಗೆ ಫೋನ್ ಮಾಡಿದರು. ನಂಬರ್ ಕೊಡುವುದು ಬೇಡ, ಸವಾರಿ ಒಮ್ಮೆ ರಾಮಕುಂಜದಿಂದ ಹೊರಡಬಹುದಾ ಎಂದು ಕೇಳಿದರು. ಹೊರಡುವ ಜಾಗ ಬದಲಿಸುವುದಕ್ಕೆ ಯಾವ ನಿಯಮವೂ ಅಡ್ಡ ಇರಲಿಲ್ಲ. ಅಕ್ಕನಿಗೆ ತಿಳಿಸಬೇಕು ಎಂದೆ, ತಿಳಿಸಿದೆ. "ರಸ್ತೆ ಸರಕಾರದ್ದು, ಯಾರು ಬೇಕಾದ್ರೂ ಹೊರಡಲಿ," ಎಂದರು.

ಜನವರಿಯ ಕೊನೆಯ ಭಾನುವಾರ ರಾಮಕುಂಜದಲ್ಲಿ ಸೇರಿದೆವು. ಟೈಲ್ಸ್ ಅಂಗಡಿಯವರಿಗೆ ಸೈಕಲ್ ಹತ್ತಲು ವೈದ್ಯರ ಒಪ್ಪಿಗೆ ಸಿಕ್ಕಿರಲಿಲ್ಲ. ಗಂಡ ಹೆಂಡತಿ ಕಾರಿನಲ್ಲಿ ಬಂದರು. ಗಾಳಿ ತುಂಬಿಸಿ, ಬ್ರೇಕ್ ನೋಡಿ, ಹೊರಡುವಷ್ಟರಲ್ಲಿ ಅಂಚೆ ಅಕ್ಕ ಸೈಕಲ್ ತಳ್ಳಿಕೊಂಡು ಬಂದರು.  ಟೀಚರ್ ಕಾರಿನಿಂದ ಇಳಿದು ಹತ್ತಿರ ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು. ಏನು ಮಾತಾಡಿದರೋ ನಮಗೆ ಕೇಳಲಿಲ್ಲ. ಅಕ್ಕನ ಉತ್ತರ ಮಾತ್ರ ಕೇಳಿತು. "ನಿಮ್ಮ ಗಂಡ ಭಾರಿ ಒಳ್ಳೆ ಪೇಶೆಂಟ್. ನಾನು ಹೇಳಿದ ಎಲ್ಲ ನಾಯಿಗಳ ಕತೆ ಕೇಳಿದ್ರು, ಒಮ್ಮೆಯೂ ಅಡ್ಡ ಮಾತಾಡಲಿಲ್ಲ."

ಕಡಬದವರೆಗೆ ಹೋಗಿ ಬಂದೆವು. ಅಕ್ಕ ಎಲ್ಲರಿಗಿಂತ ಹಿಂದೆ, ಅವರ ಹಿಂದೆ ಕಾರು. ಒಂದು ತಿರುವಿನಲ್ಲಿ ಕಾರು ನಿಂತಿತು. ಆ ಹೊತ್ತಿಗೆ ಟೀಚರ್ ಕೂಡ ಗುಂಪಿನ ಸದಸ್ಯೆ. ಅವರ ಫೋನಿನಿಂದ ಒಂದು ಫೋಟೋ ಬಂತು. ಮೂಲೆಯಲ್ಲಿ ಸೈಕಲಿನ ಹ್ಯಾಂಡಲ್ ಬಾರ್, ಮುಂದೆ ಬರೀ ರಸ್ತೆ. ಶಾರ್ಜಾದಿಂದ ಕೂಡಲೇ ಪ್ರಶ್ನೆ ಬಂತು, "ಇದು ತೆಗೆದದ್ದು ಯಾರು?" ಟೀಚರ್ ಬರೆದರು, "ನೀನೇ ಹೇಳು."

ಫೆಬ್ರವರಿಯ ಮೊದಲ ವಾರದಲ್ಲಿ ಅಂಚೆ ಅಕ್ಕ ಲಿಂಕ್ ಒತ್ತಿ ಗುಂಪಿಗೆ ಸೇರಿದರು. ಇದನ್ನು ಬರೆಯುವ ಹೊತ್ತಿಗೆ ಅವರು ಗುಂಪಿನಲ್ಲಿದ್ದಾರೆ. ಇನ್ನೂ ಏನೂ ಬರೆದಿಲ್ಲ. ಬರುವ ಭಾನುವಾರದ ಬಾಲ ಅವರು.